ಬೀಡಿನ ವೆಲ್ಡಿಂಗ್ ಹಿಡಿದರೂ ಪಕ್ಕದಲ್ಲೇ ಯಾಕೆ ಒಡೆಯುತ್ತದೆ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಟ್ರಾಲ್ ಬೋಟ್ ಇದೆ. ಬಲೆಯ ಹಗ್ಗ ಸುತ್ತಿ ಎಳೆಯುವ ವಿಂಚಿನ ಶಾಫ್ಟನ್ನು ಹೊತ್ತುಕೊಳ್ಳುವ ಎರಡು ಬೇರಿಂಗ್ ಸ್ಟ್ಯಾಂಡ್‌ಗಳು ಬೀಡಿನವು, ಅಂದರೆ ಎರಕದ ಕಬ್ಬಿಣದವು (ಕಾಸ್ಟ್ ಐರನ್). ಹನ್ನೆರಡು ವರ್ಷ ಏನೂ ಆಗಿರಲಿಲ್ಲ. ಕಳೆದ ಫೆಬ್ರವರಿಯಲ್ಲಿ ಬಲೆ ಎಳೆಯುವಾಗ ಬಲಗಡೆಯ ಸ್ಟ್ಯಾಂಡಿನ ಹಿಂದಿನ ಕಾಲು ಬುಡದಲ್ಲಿ ತುಂಡಾಯಿತು. ವೆಲ್ಡ್ ಮಾಡಿಸಿದೆವು. ಮೂರು ವಾರ ನಿಂತಿತು. ಆಮೇಲೆ ವೆಲ್ಡಿಂಗ್ ಇದ್ದ ಹಾಗೇ ಇದೆ, ಅದಕ್ಕೆ ತಾಗಿದಂತೆ ಪಕ್ಕದಲ್ಲಿ ಮತ್ತೆ ತುಂಡಾಯಿತು. ಅದೇ ವೆಲ್ಡರ್ ಡೆಕ್ಕಿನ ಉಕ್ಕಿನ ಕಂಬಕ್ಕೆ ಹಾಕಿದ ವೆಲ್ಡಿಂಗ್ ನಾಲ್ಕು ವರ್ಷದಿಂದ ಗಟ್ಟಿ ಇದೆ. ಎರಡೂ ಕಬ್ಬಿಣವೇ ಅಲ್ವಾ? ವೆಲ್ಡರ್ ಕೇಳಿದರೆ "ರಾಡ್ ಸರಿ ಇರಲಿಲ್ಲ, ಇನ್ನೊಮ್ಮೆ ಹಾಕುವ" ಎನ್ನುತ್ತಾನೆ. ನಮ್ಮ ಮಾವ "ಹಿಂದಿನ ಕಬ್ಬಿಣ ಶುದ್ಧ ಇತ್ತು, ಈಗಿನದೆಲ್ಲ ಗುಜರಿ" ಎನ್ನುತ್ತಾರೆ. ಭಾವ ಉಕ್ಕಿನ ಪ್ಲೇಟಿನಲ್ಲಿ ಮಾಡಿಸು ಎನ್ನುತ್ತಾನೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಅಂತಲೂ ಒಬ್ಬರು ಹೇಳಿದರು. ಆಗಸ್ಟ್ ಒಂದಕ್ಕೆ ಬೋಟ್ ಇಳಿಯಬೇಕು. ಒಡೆದ ತುಂಡನ್ನು ಜೊತೆಗೆ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ತುಂಡು ಕಳಿಸಿದ್ದು ದೊಡ್ಡ ಉಪಕಾರ. ಬರೀ ಫೋಟೋ ನೋಡಿ ಹೇಳುವುದಾಗಿದ್ದರೆ ನಾನೂ ನಿಮ್ಮ ಮಾವನ ಹಾಗೆ ಅಂದಾಜಿನಲ್ಲೇ ಮಾತಾಡಬೇಕಾಗಿತ್ತು. ತುಂಡಿನ ಒಂದು ಮೂಲೆಯನ್ನು ಕೊಯ್ದು, ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಆಸಿಡ್ ಹಚ್ಚಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ನೂರು ಪಟ್ಟು ದೊಡ್ಡದಾಗಿ ಕಂಡರೆ ಸಾಕು, ಇಂಥ ಜಗಳ ಹೆಚ್ಚಿನವು ಅಲ್ಲೇ ಮುಗಿಯುತ್ತವೆ.

ನಿಮಗೆ ಅವಸರ ಇದೆ, ಹಾಗಾಗಿ ಉತ್ತರ ಮೊದಲೇ ಹೇಳುತ್ತೇನೆ. ಈ ಸ್ಟ್ಯಾಂಡಿಗೆ ಇನ್ನೊಮ್ಮೆ ವೆಲ್ಡಿಂಗ್ ಬೇಡ. ರಾಡಿನ ತಪ್ಪು ಸ್ವಲ್ಪ ಇದೆ, ಆದರೆ ರಾಡ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಸುಳ್ಳು. ಮಾವ ಹೇಳಿದ್ದೂ ಸರಿಯಲ್ಲ. ಭಾವ ಹೇಳಿದ್ದು ಅರ್ಧ ಸರಿ. ನೀರಿಗೆ ಅದ್ದಲು ಹೇಳಿದವರಿಗೆ ಒಂದು ಚಾ ಕುಡಿಸಿ ಕಳಿಸಿ.

ಇನ್ನು ಕಾರಣಕ್ಕೆ ಬರೋಣ. ಅದು ಗೊತ್ತಿದ್ದರೆ ಮುಂದಿನ ಸಲ ವರ್ಕ್‌ಶಾಪಿನಲ್ಲಿ ಏನು ಕೇಳಬೇಕು ಎಂದು ನಿಮಗೇ ಗೊತ್ತಿರುತ್ತದೆ.

ನಿಮ್ಮ ಮನೆಯಲ್ಲಿ ದೋಸೆಯ ಕಾವಲಿ ಎರಡು ತರದ್ದು ಇರಬಹುದು. ಬೀಡಿನದು ಒಂದು, ಶೀಟಿನದು ಇನ್ನೊಂದು. ಶೀಟಿನ ಕಾವಲಿ ಕೈಜಾರಿ ಬಿದ್ದರೆ ಬಗ್ಗುತ್ತದೆ, ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ಟು ನೇರ ಮಾಡಬಹುದು. ಬೀಡಿನದು ಬಿದ್ದರೆ ಎರಡು ಹೋಳು. ಎರಡರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಬ್ಬಿಣವೇ. ಮುಖ್ಯ ವ್ಯತ್ಯಾಸ ಇಂಗಾಲದಲ್ಲಿ. ಶೀಟು, ಆ್ಯಂಗಲ್, ಪ್ಲೇಟು ಮಾಡುವ ಮೈಲ್ಡ್ ಸ್ಟೀಲಿನಲ್ಲಿ ಇಂಗಾಲ ಶೇಕಡ 0.2ರ ಆಸುಪಾಸು ಅಥವಾ ಇನ್ನೂ ಕಡಿಮೆ. ಬೀಡಿನಲ್ಲಿ ಶೇಕಡ 3ರಿಂದ 3.5. ಜೊತೆಗೆ ಶೇಕಡ 2ರಷ್ಟು ಸಿಲಿಕಾನ್.

ಶೇಕಡ 3 ಎಂದರೆ ಏನು ಮಹಾ ಅನಿಸುತ್ತದೆ. ಆದರೆ ಅದು ತೂಕದ ಲೆಕ್ಕ. ಬೀಡಿನಲ್ಲಿ ಈ ಇಂಗಾಲದ ಹೆಚ್ಚಿನ ಪಾಲು ಗ್ರಾಫೈಟ್ ಆಗಿ ಬೇರೆ ಕೂರುತ್ತದೆ. ಪೆನ್ಸಿಲ್ ಕಡ್ಡಿಯಲ್ಲಿ ಇರುವುದೂ ಅದೇ. ಗ್ರಾಫೈಟ್ ಕಬ್ಬಿಣಕ್ಕಿಂತ ಮೂರೂವರೆ ಪಟ್ಟು ಹಗುರ. ಅಂದರೆ ತೂಕದಲ್ಲಿ ಶೇಕಡ 3 ಇದ್ದದ್ದು ಜಾಗದಲ್ಲಿ ಹತ್ತರಲ್ಲಿ ಒಂದು ಪಾಲು ತಿನ್ನುತ್ತದೆ. ನಿಮ್ಮ ಸ್ಟ್ಯಾಂಡಿನ ಮೈಯಲ್ಲಿ ಹತ್ತರಲ್ಲೊಂದು ಪಾಲು ಪೆನ್ಸಿಲ್ ಕಡ್ಡಿ ಎಂದುಕೊಳ್ಳಿ.

ಈ ಗ್ರಾಫೈಟ್ ಯಾವ ಆಕಾರದಲ್ಲಿ ಕೂತಿದೆ ಎನ್ನುವುದೇ ಎಲ್ಲದಕ್ಕೂ ಮೂಲ. ಮಾಮೂಲಿ ಬೀಡಿನಲ್ಲಿ ಅದು ತೆಳು ಎಸಳು. ಅವಲಕ್ಕಿಯನ್ನು ಸಿಕ್ಕಾಪಟ್ಟೆ ಎರಚಿ ಅದರ ಸುತ್ತ ಉಕ್ಕು ಹೊಯ್ದರೆ ಹೇಗಿರುತ್ತದೋ ಹಾಗೆ. ನಿಮ್ಮ ತುಂಡಿನಲ್ಲೂ ಅದೇ ಕಂಡಿತು. ಬೂದು ಬಣ್ಣದ ಮೈ, ಅದರ ತುಂಬ ಕಪ್ಪು ಹುಳ ಹರಿದಾಡಿದ ಹಾಗೆ ಗೆರೆಗಳು. ಗ್ರಾಫೈಟಿಗೆ ಸ್ವಂತ ಬಲ ಇಲ್ಲ. ಎಳೆತ ಬಿದ್ದಾಗ ಪ್ರತಿ ಎಸಳೂ ಒಂದು ಸಣ್ಣ ಬಿರುಕಿನ ಹಾಗೆ ವರ್ತಿಸುತ್ತದೆ. ಅದರ ಚೂಪು ತುದಿಯಲ್ಲಿ ಎಳೆತ ಒತ್ತರಿಸಿಕೊಳ್ಳುತ್ತದೆ. ಬಟ್ಟೆ ಹರಿಯುವವರು ಮೊದಲು ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು ಹಾಕುತ್ತಾರಲ್ಲ, ಆಮೇಲೆ ಸರ್ರನೆ ಹರಿಯುತ್ತದಲ್ಲ, ಹಾಗೆ. ಒಂದು ಎಸಳಿನಿಂದ ಇನ್ನೊಂದಕ್ಕೆ ಬಿರುಕು ಜಿಗಿದುಕೊಂಡು ಹೋಗುತ್ತದೆ.

ಒತ್ತಿದರೆ ಕಥೆ ಬೇರೆ. ಒತ್ತುವಾಗ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ, ಎಸಳು ಇದ್ದರೂ ತೊಂದರೆ ಕಡಿಮೆ. ಹಾಗಾಗಿ ಬೀಡು ಎಳೆತಕ್ಕಿಂತ ಮೂರು ನಾಲ್ಕು ಪಟ್ಟು ಒತ್ತಡ ತಾಳುತ್ತದೆ. ಫೌಂಡ್ರಿಯಲ್ಲಿ, ಅಂದರೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಎಫ್‌ಜಿ 200 ಎಂದು ಒಂದು ಗ್ರೇಡ್ ಹೇಳುತ್ತಾರೆ. ಆ 200 ಎಂದರೆ ಟೆಸ್ಟ್ ಬಾರಿನಲ್ಲಿ ಚದರ ಮಿಲಿಮೀಟರಿಗೆ ಸುಮಾರು 20 ಕಿಲೋ ಎಳೆತ ತಡೆಯುತ್ತದೆ ಎಂದು ಅರ್ಥ. ಮಾಮೂಲಿ ಉಕ್ಕಿನ ಪ್ಲೇಟು 40 ಕಿಲೋ ದಾಟುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಉಕ್ಕು ತುಂಡಾಗುವ ಮೊದಲು ಶೇಕಡ 20ಕ್ಕೂ ಜಾಸ್ತಿ ಉದ್ದವಾಗುತ್ತದೆ. ಬೀಡು ಶೇಕಡ ಒಂದೂ ಇಲ್ಲ. ಹೇಳದೆ ಕೇಳದೆ ಟಪ್ ಎಂದು ಹೋಗುತ್ತದೆ.

ಹಾಗಂತ ಬೀಡನ್ನು ಬೈಯಬೇಡಿ. ಅದೇ ಎಸಳುಗಳು ಅದುರುವಿಕೆಯನ್ನು ನುಂಗುತ್ತವೆ. ಲೇತ್ ಮೆಷಿನ್ನಿನ ಬೆಡ್ಡನ್ನು ಇವತ್ತಿಗೂ ಬೀಡಿನಲ್ಲೇ ಹೊಯ್ಯುವುದು ಅದಕ್ಕೇ. ಕೊರೆಯಲು ಸುಲಭ, ಗ್ರಾಫೈಟೇ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಬೀಡು 1150-1200ರಲ್ಲೇ ಕರಗುತ್ತದೆ, ನೀರಿನ ಹಾಗೆ ಮೂಲೆ ಮೂಲೆಗೆ ಹರಿಯುತ್ತದೆ. ಒತ್ತಡದ ಕೆಲಸ ಕೊಟ್ಟರೆ ಬೀಡಿನಂಥ ನಿಯತ್ತಿನ ಆಳು ಇಲ್ಲ.

ಈಗ ಮಾವನ ಮಾತಿಗೆ. ಕಬ್ಬಿಣ ಶುದ್ಧವಾದಷ್ಟೂ ಮೆತ್ತಗೆ. ಪೂರ್ತಿ ಶುದ್ಧ ಕಬ್ಬಿಣದಲ್ಲಿ ಕತ್ತಿ ಮಾಡಿದರೆ ಹಲಸಿನ ಹಣ್ಣಿನ ಸಿಪ್ಪೆಗೇ ಬಾಯಿ ಮಡಚಬಹುದು. ಬಲ ಬರುವುದು ಬೆರೆತದ್ದರಿಂದ, ಅದೂ ಬೆರೆತದ್ದು ಸರಿಯಾಗಿ ಹಂಚಿಕೊಂಡರೆ. ಹಳೆಯ ಕಾಲದ ಎರಕಗಳಲ್ಲಿ ಎಷ್ಟೋ ಸಲ ರಂಜಕ ಜಾಸ್ತಿ ಇರುತ್ತಿತ್ತು. ರಂಜಕ ಇದ್ದರೆ ಲೋಹ ಚೆನ್ನಾಗಿ ಹರಿಯುತ್ತದೆ. ಹಳೆಯ ಬಂಗಲೆಗಳ ಹೂಬಳ್ಳಿಯ ಗ್ರಿಲ್ಲುಗಳು ಅಷ್ಟು ನಾಜೂಕಾಗಿ ಬಂದದ್ದರಲ್ಲಿ ಅದರ ಪಾಲೂ ಇದೆ. ಆದರೆ ಪೆಟ್ಟು ಬಿದ್ದರೆ ಅವು ಇನ್ನೂ ಬೇಗ ಒಡೆಯುತ್ತವೆ.

ಗುಜರಿ ಹಾಕುವುದೂ ಅಪರಾಧ ಅಲ್ಲ. ನಾನು ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸ ಕಲಿತವನು, ಆಮೇಲೆ ಮಂಗಳೂರಿನ ಬೈಕಂಪಾಡಿಗೆ ಬಂದೆ. ಪಣಂಬೂರಿನ ಬ್ಲಾಸ್ಟ್ ಫರ್ನೇಸ್ ನಡೆಯುತ್ತಿದ್ದಾಗ ಪಿಗ್ ಐರನ್, ಅಂದರೆ ಅದಿರು ಕರಗಿಸಿ ತೆಗೆದ ಕಚ್ಚಾ ಕಬ್ಬಿಣ, ಮನೆಬಾಗಿಲಲ್ಲೇ ಇತ್ತು. 2009ರಲ್ಲಿ ಅದು ನಿಂತಿತು. ಪಿಗ್ ಐರನ್ ಇದ್ದಾಗಲೂ ನಾವು ಗುಜರಿ ಸೇರಿಸುತ್ತಿದ್ದೆವು, ಎಲ್ಲರೂ ಸೇರಿಸುತ್ತಾರೆ. ಏನು ಹಾಕಿದೆವು ಎಂದು ಗೊತ್ತಿಲ್ಲದೆ ಹಾಕಿದರೆ ಮಾತ್ರ ತೊಂದರೆ. ಒಳ್ಳೆಯ ಫೌಂಡ್ರಿಯವರು ಹೊಯ್ಯುವ ಮೊದಲು ಒಂದು ಸಣ್ಣ ಬೆಣೆ ಎರಕ ಹೊಯ್ದು, ತಣಿಸಿ, ಒಡೆದು ನೋಡುತ್ತಾರೆ. ತುದಿಯಲ್ಲಿ ಎಷ್ಟು ಬೆಳ್ಳಗಿದೆ, ಎಲ್ಲಿಂದ ಬೂದು ಶುರು ಎಂದು ನೋಡಿಯೇ ಹದ ಹೇಳುತ್ತಾರೆ. ಅಕ್ಕಿ ಬೆಂದಿದೆಯಾ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ.

ಆ ಬೆಳ್ಳಗಿನ ಭಾಗದಲ್ಲೇ ನಿಮ್ಮ ವೆಲ್ಡಿಂಗಿನ ಗುಟ್ಟೂ ಇದೆ.

ಅದೇ ಬೀಡು, ಅದೇ ಇಂಗಾಲ. ನಿಧಾನ ತಣಿದರೆ ಇಂಗಾಲಕ್ಕೆ ಗ್ರಾಫೈಟಾಗಿ ಬೇರೆ ಕೂರಲು ಸಮಯ ಸಿಗುತ್ತದೆ. ಬೇಗ ತಣಿದರೆ ಸಮಯ ಸಿಗುವುದಿಲ್ಲ. ಆಗ ಅದು ಕಬ್ಬಿಣದ ಜೊತೆಗೇ ಬಿಗಿದುಕೊಂಡು ಸಿಮೆಂಟೈಟ್ ಎನ್ನುವ ಗಟ್ಟಿ ಪದಾರ್ಥ ಆಗುತ್ತದೆ. ಒಡೆದರೆ ಬೆಳ್ಳಗೆ ಹೊಳೆಯುತ್ತದೆ. ಬಿಳಿ ಬೀಡು ಎನ್ನುವುದು ಇದಕ್ಕೇ. ಫೈಲ್ ಹಾಕಿದರೆ ಫೈಲೇ ಜಾರುತ್ತದೆ. ಸವೆತಕ್ಕೆ ಬಹಳ ಒಳ್ಳೆಯದು, ಪೆಟ್ಟಿಗೆ ಗಾಜಿನ ಹಾಗೆ. ಎರಕದ ತೆಳು ಅಂಚುಗಳಲ್ಲಿ ಡ್ರಿಲ್ ಬಿಟ್ ಇಳಿಯುವುದಿಲ್ಲ ಎಂದು ಫಿಟ್ಟರ್‌ಗಳು ಗೊಣಗುವುದೂ ಇದರಿಂದಲೇ. ತೆಳು ಭಾಗ ಮೊದಲು ತಣಿಯುತ್ತದೆ.

ಈಗ ವೆಲ್ಡಿಂಗ್ ಮಾಡುವಾಗ ಏನಾಯಿತು ನೋಡಿ. ಆರ್ಕ್ ತಾಗಿದ ಕಡೆ ಬೀಡು ಕರಗಿತು. ಸುತ್ತಲೂ ಹತ್ತಾರು ಕಿಲೋ ತಣ್ಣನೆಯ ಕಬ್ಬಿಣ. ಅದು ಬಿಸಿಯನ್ನು ಕ್ಷಣದಲ್ಲಿ ಎಳೆದುಕೊಂಡಿತು. ಕರಗಿದ ಅಂಚು ಬಿಳಿ ಬೀಡಾಗಿ ಹೆಪ್ಪುಗಟ್ಟಿತು. ಅದರ ಪಕ್ಕದ ಪಟ್ಟಿ ಕರಗಲಿಲ್ಲ, ಆದರೆ ಕೆಂಪಗೆ ಕಾಯಿತು. ಕೆಂಪಗಿದ್ದಾಗ ಕಬ್ಬಿಣ ಅಕ್ಕಪಕ್ಕದ ಗ್ರಾಫೈಟಿನಿಂದ ಇಂಗಾಲವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡದ್ದನ್ನು ಬಿಡುವ ಮೊದಲೇ ತಣಿದುಹೋದರೆ ಮಾರ್ಟೆನ್ಸೈಟ್ ಆಗುತ್ತದೆ. ಇದೂ ಬಹಳ ಗಟ್ಟಿ, ಬಗ್ಗದೆ ಗಾಜಿನ ಹಾಗೆ ಒಡೆಯುತ್ತದೆ. ನಿಮ್ಮ ತುಂಡಿನಲ್ಲಿ ಎರಡೂ ಪಟ್ಟಿ ಸ್ಪಷ್ಟವಾಗಿ ಇದ್ದವು. ಎರಡೂ ಸೇರಿ ಒಂದು ಬೆಂಕಿಕಡ್ಡಿಯ ದಪ್ಪ ಕೂಡ ಇಲ್ಲ. ಬಿರುಕು ಹೋದದ್ದು ಸರಿಯಾಗಿ ಅದರೊಳಗೇ.

ಅದರ ಮೇಲೆ ಇನ್ನೊಂದು ಕಷ್ಟ. ವೆಲ್ಡಿಂಗ್ ತಣಿಯುವಾಗ ಕುಗ್ಗುತ್ತದೆ, ಪಕ್ಕದ್ದನ್ನು ಎಳೆಯುತ್ತದೆ. ಉಕ್ಕಾದರೆ ಸ್ವಲ್ಪ ಹಿಗ್ಗಿ ಸುಧಾರಿಸಿಕೊಳ್ಳುತ್ತದೆ. ಬೀಡಿಗೆ ಹಿಗ್ಗಲು ಬರುವುದಿಲ್ಲ. ಎಷ್ಟೋ ಸಲ ವೆಲ್ಡರ್ ಹೆಲ್ಮೆಟ್ ತೆಗೆಯುವ ಮೊದಲೇ ಟಿಣ್ ಎಂದು ಸದ್ದು ಕೇಳುತ್ತದೆ. ನಿಮ್ಮದು ಬಂದರಿನಲ್ಲೇ ಒಡೆಯದೆ ಮೂರು ವಾರ ನಿಂತದ್ದು ಆ ವೆಲ್ಡರ್‌ನ ಕೈಗುಣ ಎಂದೇ ಹೇಳಬೇಕು. ಅವನನ್ನು ಬೈಯಬೇಡಿ.

ಡೆಕ್ಕಿನ ಕಂಬ ಯಾಕೆ ನಿಂತಿತು? ಅಲ್ಲಿ ಇಂಗಾಲ ಶೇಕಡ 0.2. ಬೇಗ ತಣಿದರೂ ಗಟ್ಟಿಯಾಗಲು ಅಷ್ಟು ಇಂಗಾಲವೇ ಇಲ್ಲ. ಉಕ್ಕಿನ ಒಳಗೆ ನೋಡಿದರೆ ಗ್ರಾಫೈಟ್ ಕಾಣುವುದಿಲ್ಲ. ಬಿಳಿ ಹರಳುಗಳು ಕಾಣುತ್ತವೆ, ಅದು ಫೆರೈಟ್, ಮೆತ್ತಗಿನ ಕಬ್ಬಿಣ. ನಡುವೆ ಅಲ್ಲಲ್ಲಿ ಕಪ್ಪು ತುಣುಕುಗಳು. ಆ ಕಪ್ಪನ್ನು ಇನ್ನೂ ದೊಡ್ಡದು ಮಾಡಿ ನೋಡಿದರೆ ಪತ್ರೊಡೆ ಕೊಯ್ದ ಹಾಗೆ ಪದರ ಪದರ. ಎಲೆಯ ಹಾಗೆ ಸಿಮೆಂಟೈಟ್, ಹಿಟ್ಟಿನ ಹಾಗೆ ಫೆರೈಟ್. ಇದು ಪರ್ಲೈಟ್. ಗಟ್ಟಿ ಪದರ ಬಲ ಕೊಡುತ್ತದೆ, ಮೆತ್ತನೆ ಪದರ ಬಗ್ಗಲು ಬಿಡುತ್ತದೆ. ಪತ್ರೊಡೆಯ ಪದರ ತೆಳುವಾದಷ್ಟೂ ಬಲ ಜಾಸ್ತಿ. ಇಂಗಾಲ ಏರಿಸಿದರೆ ಪತ್ರೊಡೆಯೂ ಏರುತ್ತದೆ, ಶೇಕಡ 0.8ರ ಹೊತ್ತಿಗೆ ಪೂರ್ತಿ ಅದೇ. ರೈಲು ಹಳಿ ಹತ್ತಿರ ಹತ್ತಿರ ಇಂಥದ್ದೇ ಉಕ್ಕು. ಇದನ್ನೆಲ್ಲ ಮೊದಲ ಸಲ ಹೀಗೆ ಪಾಲಿಶ್ ಮಾಡಿ ಆಸಿಡ್ ಹಚ್ಚಿ ನೋಡಿದ್ದು ಇಂಗ್ಲೆಂಡಿನ ಶೆಫೀಲ್ಡಿನ ಹೆನ್ರಿ ಸಾರ್ಬಿ, 1860ರ ದಶಕದಲ್ಲಿ. ಅವರು ಕಲ್ಲಿನ ತೆಳು ಬಿಲ್ಲೆ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದವರು, ಹಾಗೇ ಉಕ್ಕನ್ನೂ ನೋಡಿಬಿಟ್ಟರು.

ನೀರಿಗೆ ಅದ್ದುವ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಕಮ್ಮಾರರು ಕತ್ತಿಗೆ ನೀರು ಕುಡಿಸುವುದು ನಿಜ. ಅಲ್ಲಿ ಬೇಕಾದದ್ದೂ ಮಾರ್ಟೆನ್ಸೈಟೇ. ಕತ್ತಿಗೆ ಹಾಕುವ ಉಕ್ಕಿನಲ್ಲಿ ಇಂಗಾಲ ಶೇಕಡ ಅರ್ಧ ಅಥವಾ ಅದಕ್ಕಿಂತ ಜಾಸ್ತಿ. ನೀರು ಕುಡಿಸಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ, ಬಾಯಿಯ ಬಣ್ಣ ಹುಲ್ಲಿನ ಹಳದಿಗೆ ಬಂತಾ, ನೇರಳೆಗೆ ಬಂತಾ ಎಂದು ನೋಡಿ ಹದ ಮಾಡುತ್ತಾರೆ. ಆ ಎರಡನೆಯ ಕಾಯಿಸುವಿಕೆ ಇಲ್ಲದಿದ್ದರೆ ಕತ್ತಿಯೂ ಗಾಜಿನ ಹಾಗೆ ಚೂರಾಗುತ್ತದೆ. ಪ್ಲೇಟಿನ ಉಕ್ಕನ್ನು ಅದ್ದಿದರೆ ಹೇಳಿಕೊಳ್ಳುವಂಥ ಲಾಭ ಇಲ್ಲ. ದಪ್ಪ ತೆಳು ಸೇರಿದ ಬೀಡಿನ ಸ್ಟ್ಯಾಂಡನ್ನು ಕೆಂಪಗೆ ಕಾಯಿಸಿ ಅದ್ದಿದರೆ ತೊಟ್ಟಿಯಿಂದ ನೀವು ತುಂಡುಗಳನ್ನು ಹೆಕ್ಕಬೇಕಾಗುತ್ತದೆ.

ಇಷ್ಟೆಲ್ಲ ಎರಡನೆಯ ಸಲ ಒಡೆದದ್ದಕ್ಕೆ ಕಾರಣ. ಮೊದಲನೆಯ ಸಲ ಯಾಕೆ ಒಡೆಯಿತು? ಇದನ್ನು ಯಾರೂ ನಿಮ್ಮನ್ನು ಕೇಳಿದ ಹಾಗೆ ಕಾಣುವುದಿಲ್ಲ. ನನಗೆ ಇದೇ ಮುಖ್ಯ.

ತುಂಡಿನ ಆಚೆ ಬದಿಯಲ್ಲಿ ಫೆಬ್ರವರಿಯ ಒಡಕಿನ ಒಂದು ಭಾಗ ಉಳಿದಿದೆ. ವೆಲ್ಡಿಂಗ್ ಅಲ್ಲಿಯವರೆಗೆ ಇಳಿದಿರಲಿಲ್ಲ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಕಡು ಕಂದು, ತುಕ್ಕು ಗಟ್ಟಿಯಾಗಿ ಅಂಟಿಕೊಂಡಿದೆ. ಉಳಿದ ಕಡೆ ತೆಳು ತುಕ್ಕು ಮಾತ್ರ, ಕೆರೆದರೆ ಬೂದು ಹರಳು ಕಾಣುತ್ತದೆ. ಅಂದರೆ ಫೆಬ್ರವರಿಗಿಂತ ಎಷ್ಟೋ ತಿಂಗಳ ಮೊದಲೇ ಅಲ್ಲಿ ಬಿರುಕು ಇತ್ತು, ಉಪ್ಪುನೀರು ಒಳಗೆ ಹೋಗಿ ಬರುತ್ತಿತ್ತು. ಪೇಂಟಿನ ಅಡಿಯಲ್ಲಿ ನಿಮಗೆ ಕಂಡಿಲ್ಲ. ಬಿರುಕು ಶುರುವಾದದ್ದು ಬೋಲ್ಟಿನ ತೂತಿನ ಅಂಚಿನಿಂದ.

ಹಗ್ಗ ಎಳೆಯುವಾಗ ಸ್ಟ್ಯಾಂಡ್ ಹಗ್ಗದ ಕಡೆಗೆ ಬಾಗಲು ನೋಡುತ್ತದೆ. ಹಗ್ಗದ ಕಡೆಯ ಕಾಲಿಗೆ ಒತ್ತಡ, ಹಿಂದಿನ ಕಾಲಿಗೆ ಎಳೆತ. ಒಡೆದದ್ದು ಹಿಂದಿನ ಕಾಲು. ಬೀಡಿಗೆ ಆಗದ ಕೆಲಸವೇ ಅದಕ್ಕೆ ಬಿದ್ದಿತ್ತು. ಆದರೂ ಹನ್ನೆರಡು ವರ್ಷ ನಡೆದಿದೆಯಲ್ಲ, ಆಮೇಲೆ ಏನೋ ಬದಲಾಗಿರಬೇಕು. ನನ್ನ ಊಹೆ, ಸ್ಟ್ಯಾಂಡಿನ ಅಡಿಯ ಮರದ ಹಲಗೆ ಒಂದು ಬದಿಯಲ್ಲಿ ಕುಸಿದಿದೆ. ಕುಸಿದ ಮೇಲೆ ಯಾರೋ ಬೋಲ್ಟ್ ಸಡಿಲಾಗಿದೆ ಎಂದು ಬಿಗಿಯಾಗಿ ಎಳೆದಿದ್ದಾರೆ. ಅಡಿಯಲ್ಲಿ ಆಸರೆ ಇಲ್ಲದೆ ಬೋಲ್ಟ್ ಎಳೆದರೆ ಕಾಲು ಬಗ್ಗಬೇಕು. ಬೀಡು ಬಗ್ಗುವುದಿಲ್ಲ. ಬಲೆ ಹಾಕುವ ಮೊದಲೇ ಆ ಕಾಲು ಅರ್ಧ ಬಲ ಕಳೆದುಕೊಂಡಿತ್ತು. ಬಲೆ ಕಲ್ಲಿಗೆ ಸಿಕ್ಕಿ ಜಗ್ಗಿದ ಒಂದು ದಿನ ಸಾಕಾಯಿತು. ಡೆಕ್ಕಿನ ಮೇಲೆ ಒಂದು ನೇರ ಪಟ್ಟಿ ಇಟ್ಟು ನೋಡಿ. ಹಲಗೆಯಲ್ಲಿ ಎರಡು ಮಿಲಿಮೀಟರ್ ತಗ್ಗು ಕಂಡರೂ ನನ್ನ ಊಹೆ ಸರಿ ಎಂದುಕೊಳ್ಳಿ. ಅದನ್ನು ಸರಿಮಾಡದೆ ಯಾವ ಲೋಹದ ಸ್ಟ್ಯಾಂಡ್ ಕೂರಿಸಿದರೂ ಒಂದು ದಿನ ಮತ್ತೆ ಇದೇ ಕತೆ.

ಇನ್ನು ದಾರಿಗಳು. ವೆಲ್ಡಿಂಗನ್ನೇ ಸರಿಯಾಗಿ ಮಾಡುವ ಕ್ರಮ ಒಂದಿದೆ. ನಿಕ್ಕಲ್ ರಾಡ್ ಬಳಸಬೇಕು. ನಿಕ್ಕಲ್ ಮೆತ್ತಗೆ ಉಳಿಯುತ್ತದೆ, ಇಂಗಾಲ ಸೇರಿದರೂ ಗಾಜಿನ ಹಾಗೆ ಆಗುವುದಿಲ್ಲ. ಒಂದು ಸಲಕ್ಕೆ ಒಂದಿಂಚು ಮಾತ್ರ ಎಳೆಯಬೇಕು, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ತಟ್ಟಬೇಕು, ಕೈ ಇಡುವಷ್ಟು ತಣಿದ ಮೇಲೆ ಮುಂದಿನ ಇಂಚು. ಇಲ್ಲವೇ ಪೂರ್ತಿ ಎರಕವನ್ನೇ ಒಲೆಯಲ್ಲಿ 500-600 ಡಿಗ್ರಿಗೆ ಕಾಯಿಸಿ, ಬೀಡಿನದ್ದೇ ರಾಡಿನಿಂದ ಬೆಸೆದು, ಒಣ ಬೂದಿಯಲ್ಲೋ ಮರಳಲ್ಲೋ ಹೂತು ಒಂದು ದಿನ ತಣಿಸಬೇಕು. ಎರಡೂ ನಡೆಯುತ್ತವೆ, ನಾನೇ ಮಾಡಿಸಿದ್ದೇನೆ. ಆದರೆ ನಿಮ್ಮ ಸ್ಟ್ಯಾಂಡಿನಲ್ಲಿ ಈಗಾಗಲೇ ಬಿಳಿಯಾದ ಪಟ್ಟಿ ಇದೆ. ಹಳೆಯ ವೆಲ್ಡಿಂಗನ್ನೂ ಪಕ್ಕದ ಬೀಡನ್ನೂ ಪೂರ್ತಿ ಕೊರೆದು ತೆಗೆದರೆ ಕಾಲಿನ ಬುಡದಲ್ಲಿ ಉಳಿಯುವುದೇ ಸ್ವಲ್ಪ. ಹನ್ನೆರಡು ವರ್ಷದ ಗ್ರೀಸ್ ಬೇರೆ ಗ್ರಾಫೈಟಿನ ಸಂದುಗಳಿಗೆ ಇಳಿದಿರುತ್ತದೆ, ವೆಲ್ಡಿಂಗಿನಲ್ಲಿ ಗುಳ್ಳೆ ಏಳುತ್ತದೆ. ಪಂಪಿನ ಕೇಸಿಂಗೋ, ಗೇರ್‌ಬಾಕ್ಸಿನ ಮುಚ್ಚಳವೋ ಆಗಿದ್ದರೆ ಮಾಡಿಸಿ ಎನ್ನುತ್ತಿದ್ದೆ. ಆಳುಗಳು ಪಕ್ಕದಲ್ಲಿ ನಿಂತು ಕೆಲಸ ಮಾಡುವ ವಿಂಚಿಗೆ ನಾನು ಹೇಳಲಾರೆ.

ಹಿತ್ತಾಳೆ ಬೆಸುಗೆ ಎಂದು ಕೆಲವರು ಹೇಳಬಹುದು. ಬೀಡು ಕರಗುವುದೇ ಇಲ್ಲ, ಹಾಗಾಗಿ ಬಿಳಿ ಬೀಡಿನ ಭಯ ಇಲ್ಲ, ಅದು ಒಳ್ಳೆಯದೇ. ಆದರೆ ಉಪ್ಪುನೀರಿನಲ್ಲಿ ಹಿತ್ತಾಳೆಯೂ ಕಬ್ಬಿಣವೂ ತಾಗಿಕೊಂಡಿದ್ದರೆ ಕಬ್ಬಿಣ ಬೇಗ ಕರಗುತ್ತದೆ. ಊರ ಒಳಗಿನ ಅಕ್ಕಿ ಮಿಲ್ಲಿಗೆ ಸರಿ, ಬೋಟಿನ ಡೆಕ್ಕಿಗೆ ಬೇಡ.

ಅದೇ ಬೀಡಿನಲ್ಲಿ ಹೊಸದು ಹೊಯ್ಯಿಸುವುದು ಅಗ್ಗದ ದಾರಿ. ಅಡಿ ಸರಿಮಾಡಿದರೆ ಇನ್ನೂ ಹತ್ತು ವರ್ಷ ನಡೆಯಲೂಬಹುದು. ಆಗ ಒಂದು ತಪ್ಪು ಮಾಡಬೇಡಿ. "ಇನ್ನು ದಪ್ಪ ಹಾಕುವ, ಗಟ್ಟಿಯಾಗುತ್ತದೆ" ಎಂದು ಸುಮ್ನೆ ಎರಡು ಪಟ್ಟು ದಪ್ಪ ಮಾಡಿಸುವವರಿದ್ದಾರೆ. ದಪ್ಪ ಬೀಡು ನಿಧಾನ ತಣಿಯುತ್ತದೆ, ಎಸಳುಗಳು ದೊಡ್ಡದಾಗಿ ಬೆಳೆಯುತ್ತವೆ. ಒಂದೇ ಸೌಟಿನಿಂದ ಹೊಯ್ದದ್ದಾದರೂ ದಪ್ಪ ಭಾಗದ ಪ್ರತಿ ಚದರ ಮಿಲಿಮೀಟರಿನ ಬಲ ತೆಳು ಭಾಗಕ್ಕಿಂತ ಕಡಿಮೆ. ದಪ್ಪ ಮಾಡಿದಷ್ಟು ಲಾಭ ಸಿಗುವುದಿಲ್ಲ, ಭಾರ ಮಾತ್ರ ಪೂರ್ತಿ ಸಿಗುತ್ತದೆ.

ಭಾವ ಹೇಳಿದ ಪ್ಲೇಟಿನ ಸ್ಟ್ಯಾಂಡ್ ಒಳ್ಳೆಯದೇ. ಜಾಸ್ತಿ ಜಗ್ಗಿದರೆ ಬಗ್ಗುತ್ತದೆ, ನಿಮಗೆ ಮುನ್ಸೂಚನೆ ಸಿಗುತ್ತದೆ. ಅರ್ಧ ಸರಿ ಎಂದದ್ದು ಯಾಕೆಂದರೆ ಇದರಲ್ಲಿ ಬಲ ಪ್ಲೇಟಿನದ್ದಲ್ಲ, ವೆಲ್ಡಿಂಗಿನದ್ದು. ವಿಂಚು ದಿನವೂ ಅದುರುತ್ತದೆ. ಅದುರುವಿಕೆ ನುಂಗಲು ಉಕ್ಕಿನಲ್ಲಿ ಎಸಳುಗಳಿಲ್ಲ. ವೆಲ್ಡಿಂಗಿನ ಬುಡದಲ್ಲಿ ಕಚ್ಚು ಬಿದ್ದಿದ್ದರೆ ಕೆಲವು ವರ್ಷದಲ್ಲಿ ಅಲ್ಲಿಂದ ಸೀಳು ಶುರು. ಬೇರಿಂಗ್ ಕೂರುವ ತೂತನ್ನು ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಬೋರ್ ಮಾಡಿಸಬೇಕು. ಮೊದಲೇ ಮಾಡಿದರೆ ವೆಲ್ಡಿಂಗ್ ಎಳೆದು ಸೊಟ್ಟಗಾಗುತ್ತದೆ, ಬೇರಿಂಗ್ ಕಾಯುತ್ತದೆ. ತುಕ್ಕೂ ಸಂದುಗಳಲ್ಲಿ ಬೇಗ ಹಿಡಿಯುತ್ತದೆ.

ನನ್ನನ್ನು ಕೇಳಿದರೆ ಎಸ್‌ಜಿ ಐರನ್ನಿನಲ್ಲಿ (ಸ್ಫೀರಾಯ್ಡಲ್ ಗ್ರಾಫೈಟ್, ಅಂದರೆ ಉಂಡೆ ಗ್ರಾಫೈಟಿನ ಬೀಡು) ಹೊಯ್ಯಿಸಿ. ಇದೂ ಬೀಡೇ. ಇಂಗಾಲವೂ ಅಷ್ಟೇ ಇದೆ. ಹೊಯ್ಯುವ ಮೊದಲು ಸ್ವಲ್ಪ ಮೆಗ್ನೀಷಿಯಂ ಸೇರಿಸುತ್ತಾರೆ, ಕೊನೆಗೆ ಲೋಹದಲ್ಲಿ ಉಳಿಯುವುದು ಶೇಕಡ 0.04ರ ಹತ್ತಿರ. ಅಷ್ಟಕ್ಕೇ ಗ್ರಾಫೈಟ್ ಅವಲಕ್ಕಿಯ ಎಸಳಾಗಿ ಹರಡದೆ ಸಾಸಿವೆಯ ಕಾಳಿನ ಹಾಗೆ ಉಂಡೆ ಕಟ್ಟುತ್ತದೆ. ಉಂಡೆಗೆ ಚೂಪು ತುದಿ ಇಲ್ಲ, ಬಿರುಕಿಗೆ ದಾರಿ ಸಿಗುವುದಿಲ್ಲ. 400/15 ಎನ್ನುವ ಗ್ರೇಡು ಚದರ ಮಿಲಿಮೀಟರಿಗೆ 40 ಕಿಲೋ ತಾಳುತ್ತದೆ, ಒಡೆಯುವ ಮೊದಲು ಶೇಕಡ 15ರಷ್ಟು ಹಿಗ್ಗುತ್ತದೆ. ಬೀಡು ಹಿಗ್ಗುವುದು ಎಂದರೆ ನಮ್ಮ ಹಿರಿಯ ಮೇಸ್ತ್ರಿಗಳು ನಂಬುತ್ತಲೇ ಇರಲಿಲ್ಲ. ಇದನ್ನು ಕಂಡುಕೊಂಡದ್ದು ಅಮೆರಿಕದಲ್ಲಿ, 1943ರಲ್ಲಿ, ಕೀತ್ ಮಿಲ್ಲಿಸ್ ಎನ್ನುವವರು. ಮೆಗ್ನೀಷಿಯಂ ಕುದಿಯುವುದು 1090 ಡಿಗ್ರಿಯಲ್ಲಿ, ಸೌಟಿನಲ್ಲಿರುವ ಕಬ್ಬಿಣ 1450. ಸೇರಿಸಿದ ಕೂಡಲೇ ಬೆಳ್ಳನೆ ಬೆಳಕು ಚಿಮ್ಮಿ ಇಡೀ ಶೆಡ್ಡು ಹಗಲಾಗುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಸಾಕಾಗಿಲ್ಲ.

ಇದರಲ್ಲೂ ಮೋಸ ಹೋಗುವ ಜಾಗ ಇದೆ. ಮೆಗ್ನೀಷಿಯಂ ನಿಮಿಷ ನಿಮಿಷಕ್ಕೂ ಹಾರಿಹೋಗುತ್ತಿರುತ್ತದೆ. ಸೇರಿಸಿದ ಹತ್ತು ನಿಮಿಷದೊಳಗೆ ಹೊಯ್ದು ಮುಗಿಸಬೇಕು. ಮೇಸ್ತ್ರಿ ಫೋನಿನಲ್ಲಿ ಮಾತಾಡುತ್ತ ತಡಮಾಡಿದರೆ ಕೊನೆಯ ಮೋಲ್ಡಿಗೆ ಹೋಗುವುದು ಮತ್ತೆ ಎಸಳಿನ ಬೀಡೇ. ಹೊರಗಿನಿಂದ ನೋಡಿದರೆ ಒಂದೇ ತರ. ಹಾಗಾಗಿ ನಿಮ್ಮ ಎರಕದ ಜೊತೆಗೇ, ಅದೇ ಸೌಟಿನ ಕೊನೆಯ ಲೋಹದಿಂದ ಒಂದು ಟೆಸ್ಟ್ ಬಾರ್ ಹೊಯ್ಯಲು ಹೇಳಿ, ಅದರ ರಿಪೋರ್ಟ್ ಕೇಳಿ. ಎಳೆತದ ಬಲ, ಹಿಗ್ಗಿದ ಪ್ರಮಾಣ, ಮೈಕ್ರೋಸ್ಕೋಪಿನ ಫೋಟೋ, ಮೂರೂ ಇರಲಿ. ಫೋಟೋದಲ್ಲಿ ದುಂಡು ಕಾಳು ಕಾಣಬೇಕು, ಹುಳ ಕಂಡರೆ ಬೇಡ ಎನ್ನಿ. ನೀವೇ ಮಾಡಬಹುದಾದ ಪರೀಕ್ಷೆಯೂ ಇದೆ. ಎರಕವನ್ನು ಹಗ್ಗದಲ್ಲಿ ನೇತುಹಾಕಿ ಸುತ್ತಿಗೆಯಿಂದ ತಟ್ಟಿ. ಎಸ್‌ಜಿ ಗಂಟೆಯ ಹಾಗೆ ಟಿಣ್ಣ್ ಎನ್ನುತ್ತದೆ. ಮಾಮೂಲಿ ಬೀಡು ಟೊಕ್ ಎಂದು ಸುಮ್ಮನಾಗುತ್ತದೆ, ಎಸಳುಗಳು ಸದ್ದನ್ನೂ ನುಂಗುತ್ತವೆ. ಇದು ರಿಪೋರ್ಟಿಗೆ ಬದಲಿಯಲ್ಲ, ಬರೀ ಮೊದಲ ಅನುಮಾನಕ್ಕೆ.

ಹಳೆಯ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಸಿಕ್ಕಿದರೆ ಹಾಗೇ ಕೊಡಬೇಡಿ. ಕಾಲು ಬುಡಕ್ಕೆ ಸೇರುವ ಮೂಲೆ ತೀರಾ ಚೂಪಾಗಿದೆ. ಅಲ್ಲಿ ಹತ್ತು ಮಿಲಿಮೀಟರ್ ದುಂಡು ತಿರುವು ಕೊಡಿಸಿ. ಎಸ್‌ಜಿ ತಣಿಯುವಾಗ ಒಳಗೆ ಟೊಳ್ಳಾಗುವ ಸ್ವಭಾವ ಜಾಸ್ತಿ, ಆ ಟೊಳ್ಳನ್ನು ತುಂಬಲು ಹೆಚ್ಚುವರಿ ಲೋಹ ನಿಲ್ಲುವ ರೈಸರ್ ಎಲ್ಲಿಡಬೇಕು ಎಂದು ಫೌಂಡ್ರಿಯವರಿಗೇ ಬಿಡಿ. ಖರ್ಚು ಮಾಮೂಲಿ ಬೀಡಿಗಿಂತ ಜಾಸ್ತಿ ಬರುತ್ತದೆ. ಒಂದು ಟ್ರಿಪ್ ತಪ್ಪಿದರೆ ಆಗುವ ನಷ್ಟದ ಜೊತೆ ನೀವೇ ಹೋಲಿಸಿ ನೋಡಿ.

ಉಪ್ಪಿನ ಬಗ್ಗೆ ಒಂದು ಮಾತು, ಇದು ಎರಡೂ ಬೀಡಿಗೆ. ಕಡಲ ನೀರಿನಲ್ಲಿ ಬೀಡು ವಿಚಿತ್ರವಾಗಿ ಸಾಯುತ್ತದೆ. ಕಬ್ಬಿಣ ಕರಗಿ ಹೋಗುತ್ತದೆ, ಗ್ರಾಫೈಟ್ ಹಾಗೇ ನಿಲ್ಲುತ್ತದೆ. ಆಕಾರ, ಅಳತೆ, ಹೊಯ್ದಾಗ ಬಿದ್ದ ಅಕ್ಷರ ಕೂಡ ಇದ್ದ ಹಾಗೇ ಇರುತ್ತದೆ. ಒಮ್ಮೆ ಕಡಲ ನೀರು ಹಾಯುವ ಒಂದು ಹಳೆಯ ವಾಲ್ವನ್ನು ಯಾರೋ ತಂದುಕೊಟ್ಟಿದ್ದರು. ನೋಡಲು ಗಟ್ಟಿಮುಟ್ಟು. ಸಣ್ಣ ಮಡಚುವ ಚಾಕುವಿನಿಂದ ಕೆರೆದರೆ ಕಪ್ಪು ಪುಡಿ ಉದುರಿತು, ಅದರಲ್ಲಿ ನಾನು ಕಾಗದದ ಮೇಲೆ ಹೆಸರು ಬರೆದೆ. ಸದಾ ಮುಳುಗಿರುವ ಭಾಗಕ್ಕೆ ಈ ಕಾಯಿಲೆ ಜಾಸ್ತಿ, ನಿಮ್ಮದು ಡೆಕ್ಕಿನ ಮೇಲಿದೆ. ಆದರೂ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ, ಬೋಲ್ಟ್ ಬಿಗಿಯುವ ಮೊದಲೇ ಅಡಿಗೂ ಪೇಂಟ್ ಆಗಿರಲಿ.

ಕೊನೆಗೆ ಕೂರಿಸುವ ಕೆಲಸ. ಕುಸಿದ ಹಲಗೆ ತೆಗೆದು ಹೊಸದು ಹಾಕಿ, ಅದರ ಮೇಲೆ ಒಂದು ಉಕ್ಕಿನ ಪ್ಲೇಟು ಸಮತಟ್ಟಾಗಿ ಕೂರಿಸಿ. ಸ್ಟ್ಯಾಂಡ್ ಇಟ್ಟ ಮೇಲೆ, ಬೋಲ್ಟ್ ಬಿಗಿಯುವ ಮೊದಲು, ನಾಲ್ಕೂ ಮೂಲೆಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಲು ಫಿಟ್ಟರ್‌ಗೆ ಹೇಳಿ. ಸಂದು ಕಂಡ ಕಡೆ ತಗಡಿನ ಲೈನರ್ ಕೊಡಲಿ, ಬೋಲ್ಟಿನಿಂದ ಸಂದು ಮುಚ್ಚುವುದು ಬೇಡ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ ಒಂದರಿಂದ ಜುಲೈ 31ರವರೆಗೆ ಬೋಟುಗಳೆಲ್ಲ ಮೇಲೆ ಇರುವುದರಿಂದ ವರ್ಕ್‌ಶಾಪುಗಳಲ್ಲಿ ಜುಲೈ ಕೊನೆಯ ವಾರ ಕಾಲಿಡಲು ಜಾಗ ಇರುವುದಿಲ್ಲ. ಆರ್ಡರ್ ಈ ವಾರವೇ ಕೊಡಿ.

ಮತ್ತೆ, ಎಡಗಡೆಯ ಸ್ಟ್ಯಾಂಡ್ ಬಗ್ಗೆ ನೀವು ಏನೂ ಬರೆದಿಲ್ಲ. ಅದೂ ಅದೇ ವಯಸ್ಸಿನದ್ದು, ಅದೇ ಹಲಗೆಯ ಮೇಲೆ ಕೂತದ್ದು. ಹಿಂದಿನ ಕಾಲಿನ ಬುಡದ ಪೇಂಟ್ ಕೆರೆದು ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕು ಇದ್ದರೆ ಒಳಗಿನ ಎಣ್ಣೆ ಹೊರಬಂದು ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡರೆ ಒಂದಲ್ಲ, ಎರಡು ಸ್ಟ್ಯಾಂಡಿಗೆ ಹೇಳಿಬಿಡಿ. ಪ್ಯಾಟರ್ನ್ ಹೇಗೂ ಒಂದೇ.